ಕಾಕ್ರೇನ್‌ನ ‘ಎವಿಡೆನ್ಸ್ ಎಸೆನ್ಷಿಯಲ್ಸ್’: ರೋಗಿಗಳು ಮೊದಲು ಮಾಡಬೇಕಾದ ಕೋರ್ಸ್

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ ನೋಯುವ ಒಂದು ಬಗೆಯ ಸಂಧಿವಾತ, ಇದೆ. ಸಂಶೋಧನೆ ಮಾಡುವವರ ಜೊತೆ ಕೂತು ಮಾತಾಡಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಕೇಳುತ್ತಾರೆ. ಧೈರ್ಯವಾಗಿ ಈ ಕೋರ್ಸ್ ಹೆಸರು ಹೇಳುತ್ತೇನೆ. ಕಾಕ್ರೇನ್ ಅಂದರೆ ಚಿಕಿತ್ಸೆಗಳ ಬಗ್ಗೆ ನಡೆದ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಅಂತಾರಾಷ್ಟ್ರೀಯ ಸಂಸ್ಥೆ; ಅಂಥ ಸಂಶೋಧನೆಯನ್ನು ಓದಿ ಅರ್ಥಮಾಡಿಕೊಳ್ಳೋದನ್ನು ಈ ಕೋರ್ಸ್ ಕಲಿಸುತ್ತದೆ. ಆನ್‌ಲೈನ್‌ನಲ್ಲಿದೆ, ಫೀಸ್ ಇಲ್ಲ. ನಾಲ್ಕು ಭಾಗ, ಒಂದೊಂದೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಡಾಕ್ಟರ್ ಆಗಿರಬೇಕಿಲ್ಲ, ರೋಗಿಗಳು ಮತ್ತು ಮನೆಯವರನ್ನೂ ಮನಸ್ಸಲ್ಲಿಟ್ಟುಕೊಂಡೇ ಮಾಡಿದ್ದಾರೆ.

ಮೊದಲೆರಡು ಭಾಗ ಸಲೀಸು. ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯದು. ಒಂದೇ ಪ್ರಶ್ನೆಯ ಮೇಲೆ ನಡೆದ ಎಲ್ಲ ಟ್ರಯಲ್‌ಗಳನ್ನೂ, ಅಂದರೆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನಗಳನ್ನೂ, ಹುಡುಕಿ ಒಟ್ಟಿಗೆ ನೋಡುವುದು ಹೇಗೆ ಅನ್ನುವ ಭಾಗ ಅದು. ಅದಾದ ಮೇಲೆ ಕಾಕ್ರೇನ್ ಲೋಗೋ ನೋಡಿ. ನಡುವೆ ಒಂದು ನೇರ ಗೆರೆ, ಏಳು ಅಡ್ಡ ಗೆರೆ, ಕೆಳಗೆ ಒಂದು ವಜ್ರ. ಒಂದೊಂದು ಅಡ್ಡ ಗೆರೆಯೂ ಒಂದು ಟ್ರಯಲ್. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆ ಇರುವ ತಾಯಂದಿರಿಗೆ ಸ್ಟೀರಾಯ್ಡ್ ಕೊಟ್ಟರೆ ಮಗು ಉಳಿಯುತ್ತದಾ ಅನ್ನುವುದು ಪ್ರಶ್ನೆ. ಗೆರೆ ನಡುಗೆರೆಯನ್ನು ದಾಟಿದರೆ ಆ ಟ್ರಯಲ್ ಒಂದರಿಂದಲೇ ಖಚಿತವಾಗಿ ಹೇಳೋಕಾಗಲ್ಲ. ಎಲ್ಲ ಸೇರಿಸಿದ ಲೆಕ್ಕವೇ ಆ ವಜ್ರ, ಅದು ಪೂರ್ತಿ ಎಡಗಡೆ ಇದೆ. ಎಡಗಡೆ ಅಂದರೆ ಔಷಧಿಯ ಪರ, ಅಂದರೆ ಮಗು ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಮೊದಲ ಟ್ರಯಲ್ ಬಂದಿದ್ದು 1972ರಲ್ಲಿ, ಎಲ್ಲ ಸೇರಿಸಿ ನೋಡಿದ ವರದಿ ಬಂದಿದ್ದು 1989ರಲ್ಲಿ. ಆ ನಡುವಿನ ವರ್ಷಗಳಲ್ಲಿ ಎಷ್ಟು ಹಸುಗೂಸುಗಳಿಗೆ ಈ ಅಗ್ಗದ ಔಷಧಿ ಸಿಗಲಿಲ್ಲವೋ! ನನಗಂತೂ ಹೊಟ್ಟೆ ಉರಿಯಿತು.

ಕೊರತೆಯೂ ಹೇಳಬೇಕು. ಫಲಿತಾಂಶ ಓದೋದನ್ನು ಚೆನ್ನಾಗಿ ಕಲಿಸುತ್ತದೆ, ಆದರೆ ‘ನೀವು ಅಳೆಯುತ್ತಿರುವುದೇ ಸರಿಯಿಲ್ಲ’ ಅಂತ ತಜ್ಞರ ಮುಂದೆ ಹೇಳೋದನ್ನು ಕಲಿಸುವುದಿಲ್ಲ. ರೋಗಿ ಆ ಮೇಜಿನ ಹತ್ತಿರ ಕೂರೋದು ಅದಕ್ಕೇ ಅಲ್ವಾ? ನಮ್ಮ ಕಾಯಿಲೆಯಲ್ಲೇ ಉದಾಹರಣೆ ಇದೆ. ಸಂಧಿವಾತದ ಟ್ರಯಲ್‌ಗಳಲ್ಲಿ ಏನೇನು ಅಳೆಯಬೇಕು ಅಂತ ಚರ್ಚಿಸುವ ಓಮೆರಾಕ್ಟ್ ಎಂಬ ತಜ್ಞರ ಗುಂಪು 2002ರಲ್ಲಿ ರೋಗಿಗಳನ್ನೂ ಸಭೆಗೆ ಕರೆಯಿತು. ಅಲ್ಲಿವರೆಗೆ ಊದಿದ ಕೀಲು, ನೋವು, ರಕ್ತಪರೀಕ್ಷೆ ಎಲ್ಲ ಪಟ್ಟಿಯಲ್ಲಿತ್ತು. ಸುಸ್ತು ಇರಲಿಲ್ಲ. ಮೈಯೆಲ್ಲ ಜಜ್ಜಿದ ಹಾಗೆ, ಸ್ನಾನ ಮಾಡಿ ಬಂದರೆ ಮತ್ತೆ ಮಲಗಬೇಕು ಅನ್ನಿಸುವ ಆ ಸುಸ್ತು. ರೋಗಿಗಳು ಅದನ್ನು ಎತ್ತಿದರು. 2006ರ ಸಭೆಯಲ್ಲಿ ಅದನ್ನೂ ಅಳೆಯಬೇಕು ಅಂತ ಒಪ್ಪಿದರು. ಇಂಥ ಕಥೆಗಳಿಗೆ ಒಂದು ಐದನೇ ಭಾಗ ಬೇಕಿತ್ತು.

ಇನ್ನೊಂದು, ಕೋರ್ಸ್ ಕನ್ನಡದಲ್ಲಿಲ್ಲ. ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಟ್ರಯಲ್‌ಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅದರಲ್ಲಿ ಒಬ್ಬರಾದರೂ ಜನಸಾಮಾನ್ಯರು. ಆ ಕುರ್ಚಿಯಲ್ಲಿ ಹಳ್ಳಿಯ ಆಶಾ ಕಾರ್ಯಕರ್ತೆಯೋ ಡಯಾಲಿಸಿಸ್ ಮಾಡಿಸಿಕೊಳ್ಳುವವರೋ ಸುಮ್ನೆ ಸಹಿ ಹಾಕಿ ಬರದೆ ಪ್ರಶ್ನೆ ಕೇಳಬೇಕಾದರೆ, ಪಾಠ ಅವರ ಭಾಷೆಯಲ್ಲೇ ಇರಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಾಡುವವರಿಗೆ ಒಂದು ಸಲಹೆ: ಪಕ್ಕದಲ್ಲೇ ಸಿಟಿಆರ್‌ಐ, ಅಂದರೆ ಭಾರತದ ಟ್ರಯಲ್‌ಗಳ ನೋಂದಣಿ ತಾಣ, ತೆರೆದಿಟ್ಟುಕೊಳ್ಳಿ. ಯಾರು ಬೇಕಾದರೂ ನೋಡಬಹುದು. ನಿಮ್ಮ ಕಾಯಿಲೆ ಹೆಸರು ಹಾಕಿ ಹುಡುಕಿ. ‘ಪ್ರೈಮರಿ ಔಟ್‌ಕಮ್’, ಅಂದರೆ ಆ ಟ್ರಯಲ್‌ನಲ್ಲಿ ಮುಖ್ಯವಾಗಿ ಅಳೆಯುವುದು ಏನು ಅನ್ನುವ ಸಾಲಿನಲ್ಲಿ ಏನು ಬರೆದಿದ್ದಾರೆ, ಅದು ನಿಮ್ಮ ದಿನಕ್ಕೆ ಎಷ್ಟು ಸಂಬಂಧಪಟ್ಟಿದ್ದು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ.