ರಷ್ಯನ್ ಕೋರರ್: ಪೀಟ್‌ಗೆ ಹೇಳಿ ಮಾಡಿಸಿದ್ದು, ಕೆರೆ ಹೂಳಿಗಲ್ಲ

ನೀಲಗಿರಿಯ ಶೋಲಾ ಕಾಡುಗಳ ನಡುವಿನ ಜೌಗುಗಳಲ್ಲಿ ಪೀಟ್ ಸಿಗುತ್ತದೆ. ಹುಲ್ಲು, ಎಲೆ, ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು ಅದು. 1993ರಲ್ಲಿ ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅದರೊಳಗಿನ ಕಾರ್ಬನ್ ಐಸೊಟೋಪ್‌ಗಳಿಂದ (ತೂಕದಲ್ಲಿ ಬೇರೆಯಾದ ಕಾರ್ಬನ್ ಪರಮಾಣುಗಳಿಂದ) ಸುಮಾರು 20,000 ವರ್ಷಗಳ ಹವಾಮಾನದ ಏರಿಳಿತವನ್ನು ಗುರುತಿಸಿದ್ದರು. ಇಂಥ ಮಣ್ಣನ್ನು ಪದರ ಕಲಸದೆ ಮೇಲೆತ್ತಲು, ಕೈಯಲ್ಲಿ ನಡೆಸುವ ಉಪಕರಣಗಳಲ್ಲಿ ರಷ್ಯನ್ ಕೋರರ್‌ಗೆ ಸಾಟಿಯಿಲ್ಲ.

ಇದರ ಜಾಣತನವೆಲ್ಲ ಕೆಳತುದಿಯಲ್ಲಿದೆ. ಉದ್ದಕ್ಕೆ ಸೀಳಿದ ಅರ್ಧ ಕೊಳವೆ, ಅದರ ಬಾಯಿಗೆ ಒತ್ತಿಕೊಂಡ ಒಂದು ಚಪ್ಪಟೆ ತಗಡು. ಬೇಕಾದ ಆಳಕ್ಕೆ ಖಾಲಿ ಕೊಳವೆಯನ್ನೇ ಒತ್ತಿ ಇಳಿಸಬೇಕು. ಹಿಡಿಯನ್ನು ಬಲಕ್ಕೆ 180 ಡಿಗ್ರಿ ತಿರುಗಿಸಿದರೆ ತಗಡು ಮಣ್ಣಿನಲ್ಲಿ ಕಚ್ಚಿ ನಿಲ್ಲುತ್ತದೆ, ಕೊಳವೆಯ ಹರಿತ ಅಂಚು ಪಕ್ಕದ ಪೀಟನ್ನು ಕೊಯ್ದು ಒಳಗಿಟ್ಟು ಮುಚ್ಚಿಕೊಳ್ಳುತ್ತದೆ. ಮಣ್ಣನ್ನು ಮೇಲಿನಿಂದ ಕೊಳವೆಗೆ ತುರುಕುವುದಿಲ್ಲವಾದ್ದರಿಂದ ಅದು ಕುಗ್ಗುವುದಿಲ್ಲ. 50 ಸೆಂ.ಮೀ. ಉದ್ದ, 5 ಸೆಂ.ಮೀ. ವ್ಯಾಸದ ಮಾದರಿಯಲ್ಲಿ ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್ ಪೀಟ್ ಬರುತ್ತದೆ. ಒಂದು ಸೆಂ.ಮೀ. ದಪ್ಪದ ಬಿಲ್ಲೆ ಎಂದರೆ ಸುಮಾರು 10 ಸಿ.ಸಿ.; ಪರಾಗ ಪರೀಕ್ಷೆಗೆ 1 ಸಿ.ಸಿ. ತೆಗೆದ ಮೇಲೂ ಕಾಲನಿರ್ಣಯಕ್ಕೆ ಧಾರಾಳವಾಗಿ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಮೂತಿಯ ವಿಷಯದಲ್ಲಿ. ಕೊಳವೆಯ ಕೆಳಗಿರುವ ಚೂಪು ಮೂತಿ ಇನ್ನೂ ಹತ್ತು ಸೆಂ.ಮೀ.ನಷ್ಟು ಕೆಳಗಿನ ಮಣ್ಣನ್ನು ಕದಡಿರುತ್ತದೆ. ಅದೇ ತೂತಿನಲ್ಲಿ ಮುಂದಿನ ತುಂಡು ತೆಗೆದರೆ ಅದರ ತಲೆಭಾಗ ಹಾಳು. ಒಂದು ಮೀಟರ್ ಪೀಟ್ ಕೂರಲು 10,000 ವರ್ಷ ಹಿಡಿದಿದ್ದರೆ, ಆ ಹತ್ತು ಸೆಂ.ಮೀ. ಎಂದರೆ ಸಾವಿರ ವರ್ಷ! ಹಾಗಾಗಿ ಅರ್ಧ ಮೀಟರ್ ಅಂತರದಲ್ಲಿ ಎರಡು ತೂತು ಬೇಕೇ ಬೇಕು: ಮೊದಲನೆಯದರಲ್ಲಿ 0–50 ಸೆಂ.ಮೀ. ಆಳದ ತುಂಡು, ಎರಡನೆಯದರಲ್ಲಿ 40–90, ಮತ್ತೆ ಮೊದಲನೆಯದರಲ್ಲಿ 80–130. ಹೀಗೆ ಹತ್ತತ್ತು ಸೆಂ.ಮೀ. ಒಂದರ ಮೇಲೊಂದು ಬಂದರೆ ಪದರಗಳನ್ನು ಹೊಂದಿಸಿ ನೋಡಲೂ ಆಗುತ್ತದೆ. ನಿಂತವರ ಭಾರಕ್ಕೆ ಜೌಗು ಕುಸಿದು ಆಳದ ಲೆಕ್ಕ ತಪ್ಪುತ್ತದೆ, ಕಾಲಡಿಗೆ ಹಲಗೆ ಹಾಸಿಕೊಳ್ಳಿ.

ಸ್ಕ್ರೂ ಜೋಡಣೆಯ ರಾಡ್‌ಗಳಿದ್ದರೆ ನೆಲದೊಳಗೆ ಯಾವತ್ತೂ ಎಡಕ್ಕೆ ತಿರುಗಿಸಬಾರದು. ಸ್ಕ್ರೂ ಬಿಚ್ಚಿಕೊಂಡು ಕೊಳವೆ ಕೆಳಗೇ ಉಳಿಯುತ್ತದೆ. ಸ್ಕ್ರೂಗೆ ಗ್ರೀಸ್ ಹಚ್ಚುವುದೂ ಬೇಡ. ಪೆಟ್ರೋಲಿಯಂ ಕಾರ್ಬನ್‌ನಲ್ಲಿ ವಯಸ್ಸು ಅಳೆಯಲು ಬಳಸುವ ಕಾರ್ಬನ್-14 ಉಳಿದಿರುವುದಿಲ್ಲ, ಚೂರು ಸೋಕಿದರೂ ಮಾದರಿಯ ವಯಸ್ಸು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮೇಲಿನಿಂದ ಇಳಿದ ಈಗಿನ ಹುಲ್ಲಿನ ಬೇರು ಇದಕ್ಕೆ ತದ್ವಿರುದ್ಧ, ವಯಸ್ಸನ್ನು ಇಳಿಸಿಬಿಡುತ್ತದೆ. ಲ್ಯಾಬ್‌ಗೆ ಕಳಿಸುವ ಮುನ್ನ ಚಿಮುಟದಲ್ಲಿ ಹೆಕ್ಕಿ ತೆಗೆಯಿರಿ.

ಮೇಲೆ ಬಂದ ತುಂಡನ್ನು ಸೀಳಿದ ಪಿವಿಸಿ ಪೈಪಿಗೆ ಜಾರಿಸಿ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಮೇಲ್ತುದಿ ಯಾವುದೆಂದು ಪೈಪಿನ ಮೇಲೇ ಬರೆಯಬೇಕು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡದಿದ್ದರೆ ಬೂಷ್ಟು ಬರುತ್ತದೆ.

ಬಯಲುಸೀಮೆಯ ಕೆರೆಯಂಗಳಕ್ಕೆ ಮಾತ್ರ ಇದನ್ನು ಕೊಳ್ಳಬೇಡಿ. ಒಣಗಿ ಗಟ್ಟಿಯಾದ ಜೇಡಿಗೆ ಮೂತಿ ಇಳಿಯುವುದಿಲ್ಲ. ಬಲವಂತ ಮಾಡಿದರೆ ತಗಡು ಬಾಗಿ, ಆಮೇಲೆ ಕೊಳವೆ ಸರಿಯಾಗಿ ಮುಚ್ಚುವುದೇ ಇಲ್ಲ. ಮರಳಿನ ಪದರ ಸಿಕ್ಕರೂ ಅದೇ ಪಾಡು. ಒಣ ಹೂಳಿಗೆ ಗುಂಡಿ ತೋಡಿ ಗೋಡೆಯಿಂದ ಮಾದರಿ ಕೊಯ್ಯುವುದೇ ಸರಿ, ನೀರಿನಡಿಯ ಮೆತ್ತನೆ ಹೂಳಿಗೆ ಒಳಗೆ ಪಿಸ್ಟನ್ ಇರುವ ಕೊಳವೆ, ಅಂದರೆ ಪಿಸ್ಟನ್ ಕೋರರ್ ಒಳ್ಳೆಯದು. ವರ್ಕ್‌ಶಾಪಿನಲ್ಲಿ ಮಾಡಿಸುವವರು ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ, ಮುಚ್ಚಿದಾಗ ತಗಡಿಗೂ ಅಂಚಿಗೂ ನಡುವೆ ಬೆಳಕು ಕಂಡರೆ ದುಡ್ಡು ಕೊಡುವ ಮೊದಲೇ ವಾಪಸು ಮಾಡಿ.