ಗೌರಾಮಿಯ ನೊರೆಗೂಡಿಗೆ ಒಪ್ಪುವ ಫಿಲ್ಟರ್: ಜೋಡಿ ಸ್ಪಂಜಿನ ಬಗ್ಗೆ ಒಂದು ವಿಮರ್ಶೆ

ಶಿವಮೊಗ್ಗದ ಬಣ್ಣದ ಮೀನಿನ ಅಂಗಡಿಗಳಲ್ಲಿ ಫಿಲ್ಟರ್ ಕೇಳಿದರೆ ಸಾಮಾನ್ಯವಾಗಿ ಮೊದಲು ತೋರಿಸುವುದು ತೊಟ್ಟಿಯ ಅಂಚಿಗೆ ನೇತುಹಾಕಿ ಮೇಲಿನಿಂದ ನೀರು ಸುರಿಸುವ ಮೋಟಾರಿನ ಫಿಲ್ಟರನ್ನು, ಇಲ್ಲವೇ ನೀರಿನೊಳಗೆ ಮುಳುಗಿಸಿಡುವ ಪವರ್ ಫಿಲ್ಟರನ್ನು. ಏರ್ ಪಂಪಿನ ಗಾಳಿಯಿಂದಷ್ಟೇ ನಡೆಯುವ ಜೋಡಿ ಸ್ಪಂಜ್ ಫಿಲ್ಟರಿನ ಬೆಲೆ ಅವೆರಡಕ್ಕಿಂತ ಕಡಿಮೆ, ನೋಟಕ್ಕೂ ಅದು ಸಾಧಾರಣ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ, ಚಳಿಗಾಲ ಎರಡರಲ್ಲೂ ಇದನ್ನು ಬಳಸಿ ನೋಡಿದ ಮೇಲೆ, ಡ್ವಾರ್ಫ್ ಗೌರಾಮಿಗಳನ್ನು ಸಾಕಿ ಮರಿ ಮಾಡಿಸಬೇಕೆಂದಿರುವವರು ಮೊದಲು ಕೊಳ್ಳಬೇಕಾದದ್ದು ಇದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಈ ಮೀನಿನ ಸ್ವಭಾವದಲ್ಲಿದೆ. ಡ್ವಾರ್ಫ್ ಗೌರಾಮಿ ಗಂಗಾ ಮತ್ತು ಬ್ರಹ್ಮಪುತ್ರಾ ಬಯಲಿನ ನಿಧಾನ ಹರಿವಿನ, ಗಿಡ ದಟ್ಟವಾಗಿರುವ ನೀರಿನದು. ಇದನ್ನು 1822ರಲ್ಲಿ ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. 1801ರಲ್ಲಿ ಇಕ್ಕೇರಿ, ನಗರಗಳ ಮೂಲಕ ನಮ್ಮ ಮಲೆನಾಡನ್ನು ಹಾದುಹೋಗಿ ಇಲ್ಲಿನ ಅಡಿಕೆ ತೋಟಗಳ ವಿವರ ಬರೆದಿಟ್ಟ ಬುಕಾನನ್ ಕೂಡ ಇವನೇ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಅಂಗವೂ ಇರುವುದರಿಂದ ಈ ಮೀನು ಆಗಾಗ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಎಳೆದುಕೊಳ್ಳುತ್ತದೆ. ಹೀಗಾಗಿ ನೀರಿನ ಮೇಲ್ಮೈ ಇದಕ್ಕೆ ಉಸಿರಾಟದ ಜಾಗವೂ ಹೌದು, ಸಂಸಾರದ ಜಾಗವೂ ಹೌದು.

ಗಂಡು ಮೀನು ಬಾಯಿಂದ ಗಾಳಿಗುಳ್ಳೆ ಬಿಡುತ್ತಾ, ನಡುನಡುವೆ ತೇಲುಗಿಡದ ಬೇರು ಮತ್ತು ಎಲೆಯ ಚೂರುಗಳನ್ನು ಕಚ್ಚಿ ತಂದು ಸೇರಿಸುತ್ತಾ ಮೇಲ್ಮೈಯಲ್ಲಿ ನೊರೆಯ ಗೂಡು ಕಟ್ಟುತ್ತದೆ. ಹೀಗೆ ಗಿಡದ ಚೂರುಗಳನ್ನು ಹೆಣೆಯುವುದು ಈ ಜಾತಿಯ ವಿಶೇಷ. ಬರಿಯ ಗುಳ್ಳೆಗಳ ಗೂಡಿಗಿಂತ ಇದು ಗಟ್ಟಿ. ಆದರೆ ಎಷ್ಟೇ ಗಟ್ಟಿಯಾದರೂ ಮೇಲಿನಿಂದ ಸುರಿಯುವ ನೀರಿನ ಹೊಡೆತವನ್ನು ಅದು ತಾಳುವುದಿಲ್ಲ. ನೇತುಹಾಕುವ ಫಿಲ್ಟರ್ ಇರುವ ತೊಟ್ಟಿಯಲ್ಲಿ ಗಂಡು ಹೊತ್ತಿಡೀ ಕಟ್ಟಿದ ಗೂಡು ಹರಿದು ಮೂಲೆಗಳಿಗೆ ಚದರುತ್ತದೆ, ಅದು ಮತ್ತೆ ಕಟ್ಟುತ್ತದೆ, ಕೊನೆಗೆ ಕಟ್ಟುವುದನ್ನೇ ಬಿಡುತ್ತದೆ. ಸ್ಪಂಜ್ ಫಿಲ್ಟರಿನಲ್ಲಿ ಕೊಳವೆಯೊಳಗೆ ಮೇಲೇರುವ ಗಾಳಿಗುಳ್ಳೆಗಳೇ ನೀರನ್ನು ಎತ್ತುತ್ತವೆ. ಆ ಸೆಳೆತಕ್ಕೆ ತೊಟ್ಟಿಯ ನೀರು ಸ್ಪಂಜಿನ ಮೂಲಕ ಮೆಲ್ಲನೆ ಹಾದುಹೋಗುತ್ತದೆ. ಗಾಳಿಯ ಕೊಳವೆಗೆ ಒಂದು ಸಣ್ಣ ವಾಲ್ವ್ ಹಾಕಿ, ಸೆಕೆಂಡಿಗೆ ಕೆಲವೇ ಗುಳ್ಳೆ ಬರುವಷ್ಟು ತಿರುಗಿಸಿಟ್ಟರೆ, ಎದುರು ಮೂಲೆಯ ತೇಲುಗಿಡಗಳ ನಡುವಿನ ಗೂಡು ಅಲುಗುವುದೇ ಇಲ್ಲ. ವಾಲ್ವ್ ಇಲ್ಲದೆ ಪಂಪನ್ನು ಪೂರ್ತಿ ಬಿಟ್ಟರೆ ಈ ಅನುಕೂಲ ಉಳಿಯುವುದಿಲ್ಲವೆಂಬುದನ್ನು ಮರೆಯಬಾರದು.

ಸ್ಪಂಜಿನ ನಿಜವಾದ ಬೆಲೆ ಗೊತ್ತಾಗುವುದು ಮೊಟ್ಟೆಯಿಟ್ಟ ಮೇಲೆ. ಗಂಡು ಹೆಣ್ಣನ್ನು ಗೂಡಿನಡಿಯಲ್ಲಿ ಮೈಸುತ್ತಿ ಅಪ್ಪಿದಾಗ ಹೊರಬರುವ ಮೊಟ್ಟೆಗಳು ನೀರಿಗಿಂತ ಹಗುರ. ತಾವಾಗಿ ತೇಲಿ ಗೂಡು ಸೇರುತ್ತವೆ, ದಿಕ್ಕು ತಪ್ಪಿದವನ್ನು ಗಂಡು ಬಾಯಲ್ಲಿ ಆರಿಸಿ ಒಯ್ದಿಡುತ್ತದೆ. ಆಮೇಲೆ ಗಂಡು ಹೆಣ್ಣನ್ನು ಅಟ್ಟಾಡಿಸುವುದರಿಂದ ಅದನ್ನು ಕೂಡಲೇ ಬೇರೆ ತೊಟ್ಟಿಗೆ ಸಾಗಿಸಬೇಕು. 27ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಒಂದೂವರೆ ದಿನದಲ್ಲಿ ಮೊಟ್ಟೆಯೊಡೆಯುತ್ತದೆ. ಮುಂದೆ ಎರಡು ಮೂರು ದಿನಗಳಲ್ಲಿ ಮರಿಗಳು ಸ್ವತಂತ್ರವಾಗಿ ಈಜತೊಡಗಿದಾಗ ಗಂಡನ್ನೂ ತೆಗೆಯಬೇಕು. ಮರಿಗಳು ಎಷ್ಟು ಸಣ್ಣವೆಂದರೆ ಮೋಟಾರಿನ ಫಿಲ್ಟರ್ ಅವನ್ನು ನೀರಿನೊಂದಿಗೇ ಒಳಗೆಳೆದುಕೊಂಡುಬಿಡುತ್ತದೆ. ಸ್ಪಂಜಿನಲ್ಲಿ ಆ ಭಯವಿಲ್ಲ. ಅಷ್ಟೇ ಅಲ್ಲ, ಹಳೆಯ ಸ್ಪಂಜಿನ ಮೈಮೇಲೆ ಬೆಳೆದಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಮರಿಗಳು ದಿನವಿಡೀ ಹೆಕ್ಕುತ್ತಿರುತ್ತವೆ. ಮೊದಲ ವಾರದಲ್ಲಿ, ಮೀನಿನ ಮರಿಗಳಿಗೆ ಮೇವಾಗಿ ಕೊಡುವ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಮರಿಯೂ ಇವುಗಳ ಬಾಯಿಗೆ ದೊಡ್ಡದು. ಒಣಗಿದ ಬಾಳೆ ಎಲೆಯನ್ನು ನೀರಿನಲ್ಲಿ ಕೊಳೆಸಿ ತಯಾರಿಸಿದ ಇನ್ಫ್ಯೂಸೋರಿಯಾ ಎಂಬ ಸೂಕ್ಷ್ಮಜೀವಿಗಳ ಮೇವನ್ನು ಹನಿಸುವುದರ ಜೊತೆಗೆ ಸ್ಪಂಜಿನ ಈ ಮೇವು ಬಹಳ ಆಸರೆಯಾಗುತ್ತದೆ. ಆದ್ದರಿಂದ ಮರಿ ತೊಟ್ಟಿಗೆ ಹೊಸ ಸ್ಪಂಜ್ ಹಾಕದೆ, ಕೆಲವು ವಾರ ದೊಡ್ಡ ತೊಟ್ಟಿಯಲ್ಲಿ ಓಡಿಸಿ ಹದವಾದದ್ದನ್ನೇ ತಂದಿಡಬೇಕು.

ಇನ್ನು ಕರೆಂಟಿನ ವಿಷಯ. ಜೂನ್ ಜುಲೈ ತಿಂಗಳಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿದರೆ ರಾತ್ರಿಯಿಡೀ ವಿದ್ಯುತ್ ಇಲ್ಲದಿರುವುದು ನಮ್ಮ ಕಡೆ ಹೊಸತಲ್ಲ. ದೊಡ್ಡ ಗೌರಾಮಿಗಳು ಗಾಳಿ ಉಸಿರಾಡಿಕೊಂಡು ಇರುತ್ತವೆ. ಆದರೆ ಮರಿಗಳಲ್ಲಿ ಲ್ಯಾಬಿರಿಂತ್ ಬೆಳೆಯಲು ಕೆಲವು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿರುತ್ತವೆ. ಸ್ಪಂಜಿನೊಳಗಿದ್ದು ಅಮೋನಿಯಾವನ್ನು ನೈಟ್ರೈಟಾಗಿಯೂ ಮುಂದೆ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಮೊಬೈಲಿನ ಪವರ್ ಬ್ಯಾಂಕಿನಿಂದ ನಡೆಯುವ 5 ವೋಲ್ಟಿನ ಸಣ್ಣ ಏರ್ ಪಂಪ್ ಒಂದನ್ನು ಇದೇ ಕೊಳವೆಗೆ ಜೋಡಿಸಿದರೆ ಫಿಲ್ಟರ್ ನಿಲ್ಲುವುದಿಲ್ಲ. ಮನೆಯ ಕರೆಂಟಿನಿಂದಲೇ ನಡೆಯುವ ಮೋಟಾರಿನ ಫಿಲ್ಟರಿಗೆ ಇಷ್ಟು ಸುಲಭದ ಪರ್ಯಾಯವಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ನೀರು ಹಿಮ್ಮುಖವಾಗಿ ಕೊಳವೆಯಲ್ಲಿ ಇಳಿದು ಪಂಪನ್ನು ಕೆಡಿಸಬಹುದು. ಅದನ್ನು ತಡೆಯುವ ಚೆಕ್ ವಾಲ್ವ್ ತೀರಾ ಅಗ್ಗದ ವಸ್ತು, ಅದಿಲ್ಲದೆ ಫಿಲ್ಟರ್ ಕೊಳ್ಳಲೇಬಾರದು.

ಕೊರತೆಗಳೂ ಇವೆ. ನೀರಿನಲ್ಲಿ ತೇಲುವ ನವಿರಾದ ದೂಳನ್ನು ಇದು ಪೂರ್ತಿ ಹಿಡಿಯುವುದಿಲ್ಲ, ಆದ್ದರಿಂದ ಪವರ್ ಫಿಲ್ಟರಿನ ತೊಟ್ಟಿಯ ಹೊಳಪು ಬರುವುದಿಲ್ಲ. ಗಾಜಿಗೆ ಅಂಟಿಸುವ ರಬ್ಬರಿನ ಬಟ್ಟಲುಗಳು ಕೆಲವೇ ತಿಂಗಳಲ್ಲಿ ಗಡುಸಾಗಿ ಕಳಚಿಕೊಳ್ಳುತ್ತವೆ. ತಳದಲ್ಲಿ ಭಾರವಿರುವ ಮಾದರಿ ಈ ದೃಷ್ಟಿಯಿಂದ ಮೇಲು. ಪಂಪಿನ ಗುಂಯ್‌ಗುಡುವ ಸದ್ದು ಮಲಗುವ ಕೋಣೆಯಲ್ಲಿ ಕಿರಿಕಿರಿಯೇ. ಸ್ಪಂಜನ್ನು ತೊಳೆಯುವಾಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ಕ್ಲೋರಿನ್ ಬೆರೆತ ನಲ್ಲಿ ನೀರಿಗೆ ಒಡ್ಡಿದರೆ ಅದರೊಳಗಿನ ಬ್ಯಾಕ್ಟೀರಿಯಾ ಸಾಯುತ್ತದೆ. ಜೋಡಿ ಸ್ಪಂಜಿನ ಲಾಭ ಇಲ್ಲಿದೆ: ಒಮ್ಮೆಗೆ ಒಂದನ್ನು ಮಾತ್ರ ಹಿಂಡಿ ಇನ್ನೊಂದನ್ನು ಮುಟ್ಟದೆ ಬಿಡಬಹುದು.

ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಮಲೆನಾಡಿನ ಚಳಿಗೆ ಅದು ಪರಿಹಾರವಲ್ಲ. ಡಿಸೆಂಬರ್ ಜನವರಿಯ ರಾತ್ರಿಗಳಿಗೆ ಥರ್ಮೋಸ್ಟ್ಯಾಟ್ ಇರುವ ಹೀಟರ್ ಬೇಕೇ ಬೇಕು. 40 ಲೀಟರಿನ ತೊಟ್ಟಿಗೆ 50 ವಾಟಿನದು ಸಾಕು. ತೊಟ್ಟಿಯ ಮೇಲೆ ಮುಚ್ಚಳವಿರಲೇಬೇಕು, ಏಕೆಂದರೆ ಮರಿಗಳು ಗಾಳಿ ಎಳೆದುಕೊಳ್ಳಲು ಕಲಿಯುವ ವಾರಗಳಲ್ಲಿ ಮೇಲ್ಮೈಯ ಗಾಳಿ ನೀರಿನಷ್ಟೇ ಬೆಚ್ಚಗೂ ತೇವವಾಗಿಯೂ ಇರಬೇಕು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಜಾತಿಯನ್ನು ಕಾಡುವ ಡ್ವಾರ್ಫ್ ಗೌರಾಮಿ ಇರಿಡೋವೈರಸ್‌ಗೆ ಮದ್ದಿಲ್ಲ. ಬಣ್ಣ ಮಾಸುವುದು, ಮೇವು ಬಿಡುವುದು, ಹೊಟ್ಟೆ ಊದುವುದು, ಮೈಮೇಲೆ ಹುಣ್ಣಾಗುವುದು ಅದರ ಲಕ್ಷಣಗಳು. ಹೊಸದಾಗಿ ತಂದ ಮೀನನ್ನು ಕೆಲವು ವಾರ ಪ್ರತ್ಯೇಕವಾಗಿಡುವುದು ಹೇಗೆ ಅಗತ್ಯವೋ, ಆ ತೊಟ್ಟಿಯ ಸ್ಪಂಜನ್ನು ಬೇರೆ ತೊಟ್ಟಿಗೆ ಸಾಗಿಸದಿರುವುದೂ ಅಷ್ಟೇ ಅಗತ್ಯ. ಹದವಾದ ಸ್ಪಂಜ್ ಬೇಕೆಂದು ಅಂಗಡಿಯ ತೊಟ್ಟಿಯಿಂದ ಬಳಸಿದ್ದನ್ನು ಕೇಳಿ ತರುವವರಿದ್ದಾರೆ; ರೋಗವನ್ನು ಕೈಯಾರೆ ಮನೆಗೆ ಕರೆತರುವ ದಾರಿ ಅದು. ಹೊಸದನ್ನೇ ಎರಡು ಕೊಳ್ಳಿ, ಎರಡನ್ನೂ ನಿಮ್ಮ ಆರೋಗ್ಯವಂತ ತೊಟ್ಟಿಯಲ್ಲೇ ಓಡಿಸಿ, ಗಂಡು ಗೂಡು ಕಟ್ಟಲು ಆರಂಭಿಸುವ ಮುನ್ನ ಒಂದನ್ನು ಮರಿ ತೊಟ್ಟಿಗೆ ಕಳಿಸಿ.