ತಂಗಳು ಬಿಸಿ ಮಾಡೋದಕ್ಕೆ ಹಬೆಯೋ, ಮೈಕ್ರೋವೇವೋ, ಬಾಣಲೆಯೋ? ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರಿಗಾಗಿ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಬೆಗೆ. ಸ್ಲೀವ್ (ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವುದು) ಆಗಿರಲಿ, ಬೈಪಾಸ್ (ಹೊಟ್ಟೆಯ ಮೇಲ್ಭಾಗವನ್ನು ಚಿಕ್ಕ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವುದು) ಆಗಿರಲಿ, ಹೊಟ್ಟೆ ಚಿಕ್ಕದಾದ ಮೇಲೆ ನಿನ್ನೆಯ ಅಡುಗೆಯನ್ನು ಇವತ್ತು ನೆಮ್ಮದಿಯಾಗಿ ತಿನ್ನಬೇಕೆಂದರೆ ಮುಚ್ಚಿದ ಪಾತ್ರೆಯ ಹಬೆಯಷ್ಟು ನಂಬಬಹುದಾದದ್ದು ಬೇರೆ ಇಲ್ಲ. ಮೈಕ್ರೋವೇವ್‌ಗೆ ಎರಡನೇ ಸ್ಥಾನ, ಅದೂ ಷರತ್ತಿನ ಮೇಲೆ. ಬಾಣಲೆ ಪರವಾಗಿಲ್ಲ. ಓವನ್, ಏರ್ ಫ್ರೈಯರ್ ಈ ಕೆಲಸಕ್ಕೆ ಬೇಡವೇ ಬೇಡ.

ಸಾಮಾನ್ಯವಾಗಿ ಮೊದಲ ತುತ್ತು ಬಾಯಿಗಿಟ್ಟು, ಯಾವುದು ಚೆನ್ನಾಗಿ ಬಿಸಿಯಾಗಿದೆ ಅಂತ ತೀರ್ಪು ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಆದವರಿಗೆ ಆ ತೀರ್ಪು ಉಪಯೋಗಕ್ಕೆ ಬರುವುದಿಲ್ಲ. ತಟ್ಟೆಯಲ್ಲಿರುವುದೇ 80 ಗ್ರಾಂ. ಅದನ್ನು ಚಿಕ್ಕ ಚಿಕ್ಕ ತುತ್ತು ಮಾಡಿ, ಒಂದೊಂದನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ಮುಗಿಸುವಷ್ಟರಲ್ಲಿ 20ರಿಂದ 30 ನಿಮಿಷ ಆಗಿರುತ್ತದೆ. ಅಷ್ಟು ಚಿಕ್ಕ ಪಾಲು ಆರಿ ತಣ್ಣಗಾಗಲು ಹತ್ತು ನಿಮಿಷ ಸಾಕು. ಆರಿದ ಮಾಂಸ ಬಿಗಿಯುತ್ತದೆ, ಕೊಬ್ಬು ಗಟ್ಟಿಯಾಗುತ್ತದೆ, ಅನ್ನದ ಅಗುಳು ಮತ್ತೆ ಗಡುಸಾಗುತ್ತದೆ. ಊಟದ ಎರಡನೇ ಅರ್ಧದಲ್ಲಿ ತುತ್ತು ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹಾಗಾಗಿ ನನ್ನ ಅಳತೆಗೋಲು ಕೊನೆಯ ತುತ್ತು.

ತಂಗಳೇ ಯಾಕೆ ಇಷ್ಟು ಕಾಡುತ್ತದೆ? ಬೆಂದ ಮಾಂಸ ಒಮ್ಮೆ ನೀರು ಬಿಟ್ಟಾಗಿದೆ. ಎರಡನೇ ಸಲ ಕಾಯಿಸಿದಾಗ ನಾರುಗಳು ಇನ್ನಷ್ಟು ಕುಗ್ಗಿ, ಉಳಿದ ನೀರನ್ನೂ ಹಿಂಡಿ ಹಾಕುತ್ತವೆ. ಒಣಗಿದ ನಾರು ಎಷ್ಟು ಅಗಿದರೂ ನುಣ್ಣಗಾಗದೆ ಉಂಡೆ ಕಟ್ಟುತ್ತದೆ. ಬೈಪಾಸ್‌ನಲ್ಲಿ ಚೀಲದಿಂದ ಕರುಳಿಗೆ ಹೋಗುವ ದಾರಿ ಸುಮಾರು ಒಂದು, ಒಂದೂವರೆ ಸೆಂಟಿಮೀಟರ್ ಅಗಲ. ಸ್ಲೀವ್‌ನಲ್ಲಿ ಹೊಟ್ಟೆಯೇ ಒಂದು ಕಿರಿದಾದ ಕೊಳವೆ. ಉಂಡೆ ಅಲ್ಲಿ ನಿಂತರೆ ಎದೆ ನಡುವೆ ಒತ್ತುತ್ತದೆ, ಬಾಯಿ ತುಂಬ ಜೊಲ್ಲು ಬರುತ್ತದೆ, ನೊರೆ ನೊರೆಯಾಗಿ ವಾಂತಿಯಾಗುತ್ತದೆ. ನೀರು ಕುಡಿದು ಇಳಿಸೋಣವೆಂದರೆ ಊಟದ ಜೊತೆಗೂ, ಊಟವಾಗಿ ಅರ್ಧ ಗಂಟೆಯವರೆಗೂ ಕುಡಿಯುವಂತಿಲ್ಲ. ಅಂದಮೇಲೆ ಬೇಕಾದ ತೇವವೆಲ್ಲ ಆಹಾರದ ಒಳಗೇ ಇರಬೇಕು.

ಮೈಕ್ರೋವೇವ್‌ನ ತಕರಾರು ಇರುವುದು ಇಲ್ಲಿಯೇ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ರಿಜ್‌ನ 4 ಡಿಗ್ರಿಯಿಂದ 74 ಡಿಗ್ರಿಗೆ 80 ಗ್ರಾಂ ಬೆಂದ ಕೋಳಿಯನ್ನು ಏರಿಸಲು ಬೇಕಾದ ಶಾಖ ಸುಮಾರು 20 ಕಿಲೋಜೂಲ್. 800 ವ್ಯಾಟ್ ಯಂತ್ರಕ್ಕೆ ಕಾಗದದ ಲೆಕ್ಕದಲ್ಲಿ ಅದು 25 ಸೆಕೆಂಡಿನ ಕೆಲಸ, ನಷ್ಟ ಸೇರಿಸಿದರೆ ಮುಕ್ಕಾಲು ನಿಮಿಷ ಇಟ್ಟುಕೊಳ್ಳಿ. ಎಲ್ಲರ ಬೆರಳು ಹೋಗುವುದು ಒಂದೂವರೆ, ಎರಡು ನಿಮಿಷದ ಗುಂಡಿಗೆ. ತುಂಬಿದ ತಟ್ಟೆಗೆ ಸರಿಹೋಗುವ ಆ ಹೊತ್ತು ಇಷ್ಟು ಚಿಕ್ಕ ಪಾಲನ್ನು ಅಂಚಿನಿಂದ ಒಣಗಿಸಿಬಿಟ್ಟಿರುತ್ತದೆ.

‘ಅರ್ಧ ಪವರ್‌ನಲ್ಲಿ ಇಡಿ’ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದೊಡ್ಡ ಪಾಲಿಗೆ ಸರಿ. ಆದರೆ ಇನ್ವರ್ಟರ್ (ಶಕ್ತಿಯನ್ನು ನಿಜವಾಗಿ ತಗ್ಗಿಸುವ, ಮೈಕ್ರೋವೇವ್‌ನೊಳಗಿನ ವ್ಯವಸ್ಥೆ) ಇಲ್ಲದ ಯಂತ್ರದಲ್ಲಿ ಅರ್ಧ ಪವರ್ ಅಂದರೆ ಕಡಿಮೆ ಶಕ್ತಿ ಅಲ್ಲ. ಕೆಲವು ಸೆಕೆಂಡು ಪೂರ್ತಿ ಶಕ್ತಿ, ಆಮೇಲೆ ಕೆಲವು ಸೆಕೆಂಡು ಬಂದ್. ಯಂತ್ರದ ಶಬ್ದ ಏರಿ ಇಳಿಯುವುದನ್ನು ಕೇಳಿದರೆ ಗೊತ್ತಾಗುತ್ತದೆ. ಒಟ್ಟು ಮುಕ್ಕಾಲು ನಿಮಿಷದ ಕೆಲಸದಲ್ಲಿ ಪೂರ್ತಿ ಶಕ್ತಿಯ ಒಂದು ಸರದಿಯೇ ಕೋಳಿಯ ಅಂಚನ್ನು ಸುಟ್ಟುಹಾಕಬಹುದು.

ಇದಕ್ಕೆ ಪರಿಹಾರ, ಪಕ್ಕದಲ್ಲಿ ಅರ್ಧ ಲೋಟ ನೀರಿಡುವುದು. ಶಕ್ತಿಯ ಒಂದು ಪಾಲನ್ನು ನೀರು ಹೀರಿಕೊಳ್ಳುತ್ತದೆ, ಆಹಾರ ನಿಧಾನವಾಗಿ ಕಾಯುತ್ತದೆ. ತುಂಡುಗಳನ್ನು ಅಗಲ ಬಟ್ಟಲಿನಲ್ಲಿ ಬಳೆಯಾಕಾರಕ್ಕೆ ಜೋಡಿಸಿ ನಡುವೆ ಖಾಲಿ ಬಿಡಿ, ಒಂದು ದೊಡ್ಡ ಚಮಚ ಸ್ಟಾಕ್ (ಮಾಂಸ ಅಥವಾ ತರಕಾರಿ ಬೇಯಿಸಿ ಸೋಸಿದ ನೀರು) ಅಥವಾ ಗ್ರೇವಿ ಹಾಕಿ, ತಟ್ಟೆ ಮುಚ್ಚಿ. 30 ಸೆಕೆಂಡ್ ಇಟ್ಟು ಕಲಸಿ, ಮತ್ತೆ 20 ಸೆಕೆಂಡ್, ಆಮೇಲೆ ಒಂದು ನಿಮಿಷ ಹಾಗೇ ಬಿಡಿ. ನಡುಭಾಗ ಇನ್ನೂ ಕಾದಿಲ್ಲವಾದರೆ ಹತ್ತು ಹತ್ತು ಸೆಕೆಂಡ್ ಸೇರಿಸುತ್ತ ಹೋಗಿ. ಇಷ್ಟೆಲ್ಲ ಮಾಡಿದರೆ ಮೊದಲ ಹತ್ತು ನಿಮಿಷ ಹಬೆಗೆ ಸಮ. ಆಮೇಲೆ ಆರುತ್ತದೆ, ಮತ್ತೆ ಒಳಗಿಡಬೇಕೆನಿಸುತ್ತದೆ, ಆ ಎರಡನೇ ಸುತ್ತಿನಲ್ಲಿ ಎಲ್ಲ ಕೆಡುತ್ತದೆ. ನೀರು ಪಕ್ಕಕ್ಕಿಟ್ಟಿದ್ದರೆ ಅದನ್ನು ತೆಗೆಯುವಾಗಲೂ ಜೋಪಾನ, ಥಟ್ಟನೆ ಉಕ್ಕಬಹುದು.

ಹಬೆಯಲ್ಲಿ ಈ ಗೋಜಲೇ ಇಲ್ಲ. ಪಾತ್ರೆಯೊಳಗಿನ ಗಾಳಿ ತೇವದಿಂದ ತುಂಬಿರುವಾಗ ಆಹಾರದ ಮೇಲ್ಮೈ ಒಣಗಲು ದಾರಿಯಿಲ್ಲ, ಸೀಯುವ ಭಯವೂ ಇಲ್ಲ. ವಿಧಾನ ಇಷ್ಟೇ: ದಪ್ಪ ತಳದ ಪಾತ್ರೆಗೆ ಎರಡು ಬೆರಳಷ್ಟು ನೀರು, ಒಳಗೊಂದು ಸ್ಟ್ಯಾಂಡ್, ಅದರ ಮೇಲೆ ಅಗಲವಾದ ಎರಡು ಚಿಕ್ಕ ಸ್ಟೀಲ್ ಬಟ್ಟಲು. ಫ್ರಿಜ್‌ನಿಂದ ತೆಗೆದ ಮಾಂಸವನ್ನು ತಣ್ಣಗಿರುವಾಗಲೇ ನಾರಿಗೆ ಅಡ್ಡಲಾಗಿ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ ಹೆಚ್ಚಿ. ಬಿಸಿಯಾದ ಮೇಲೆ ಹೆಚ್ಚಲು ಹೋದರೆ ಎಳೆ ಎಳೆಯಾಗಿ ಬಿಡಿಸಿಕೊಂಡು ಬರುತ್ತದೆ, ಉದ್ದನೆಯ ಆ ಎಳೆಯೇ ಆಮೇಲೆ ಸಿಕ್ಕಿಕೊಳ್ಳುವುದು. 40 ಗ್ರಾಂನಂತೆ ಎರಡು ಬಟ್ಟಲಿಗೆ ಹಾಕಿ, ತಲಾ ಎರಡು ಚಿಕ್ಕ ಚಮಚ ಗ್ರೇವಿ ಸೇರಿಸಿ. ಮುಚ್ಚಳಕ್ಕೆ ತೆಳು ಬಟ್ಟೆ ಸುತ್ತಿದರೆ ಹನಿ ಬಟ್ಟಲಿಗೆ ಬೀಳುವುದಿಲ್ಲ. ಬಟ್ಟೆಯ ತುದಿಗಳನ್ನು ಮೇಲೆ ಗಂಟು ಹಾಕಿ, ಉರಿಗೆ ತಾಗದಿರಲಿ. ಹಬೆ ಜೋರಾಗಿ ಬಂದ ಮೇಲೆ 6ರಿಂದ 8 ನಿಮಿಷ. ನೀರು ಬತ್ತುವ ಚಿಂತೆಯಿದ್ದರೆ ತಳದಲ್ಲೊಂದು ನಾಣ್ಯ ಹಾಕಿ. ಕುದಿಯುವಾಗ ಟಿಕಟಿಕ ಅನ್ನುತ್ತಿರುತ್ತದೆ, ಸದ್ದು ನಿಂತರೆ ಎದ್ದು ನೋಡಿ.

ಈಗ ಅಸಲು ಲಾಭ. ಉರಿ ಆರಿಸಿ ಒಂದು ಬಟ್ಟಲು ಮಾತ್ರ ಹೊರಗೆ ತೆಗೆಯಿರಿ. ಇನ್ನೊಂದು ಮುಚ್ಚಿದ ಪಾತ್ರೆಯಲ್ಲೇ, ಬಿಸಿ ನೀರಿನ ಮೇಲೆ ಕೂತಿರಲಿ. ಮೊದಲನೆಯದು ಮುಗಿಯುವಾಗ ಎರಡನೆಯದು ಬಿಸಿಯಾಗಿ, ಮೆತ್ತಗೆ ಕಾಯುತ್ತಿರುತ್ತದೆ. ಮತ್ತೆ ಕಾಯಿಸುವ ಮಾತೇ ಇಲ್ಲ. ಮೊದಲ ಬಟ್ಟಲಿಗೇ ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಎದುರಿಗೆ ಇದೆಯಲ್ಲ ಅಂತ ಒಂದು ತುತ್ತು ಜಾಸ್ತಿ ತಿಂದು ಒದ್ದಾಡುವುದೂ ತಪ್ಪುತ್ತದೆ. ಆದರೆ ಬಿಸಿ ಮಾಡಿ ಉಳಿದದ್ದನ್ನು ಮತ್ತೆ ಫ್ರಿಜ್‌ಗೆ ಕಳಿಸಬೇಡಿ. ಸೆಕೆ ಹೊಡೆಯುವ ಬಟ್ಟಲಿಗೆ ಆ ಕ್ಷಣವೇ ಚಮಚ ಹಾಕುವುದೂ ಬೇಡ, ನಾಲಿಗೆ ಸುಟ್ಟರೆ ಯಾರೂ ಅಗಿಯುವುದಿಲ್ಲ, ಹಾಗೇ ನುಂಗುತ್ತಾರೆ.

ಹಬೆಯ ದೋಷ ಹೊತ್ತು. ನೀರು ಕುದಿಯುವುದೂ ಸೇರಿ ಹದಿನೈದು ನಿಮಿಷ ಹಿಡಿಯುತ್ತದೆ. ಪಾತ್ರೆ ಎರಡು ಮೂರು ಜಾಸ್ತಿ ತೊಳೆಯಬೇಕು.

ಬಾಣಲೆ: ಸಣ್ಣ ಉರಿ, ಎರಡು ದೊಡ್ಡ ಚಮಚ ನೀರು ಅಥವಾ ಸ್ಟಾಕ್, ಬಿಗಿಯಾದ ಮುಚ್ಚಳ, ನಾಲ್ಕೈದು ನಿಮಿಷ. ಗ್ರೇವಿ ಇರುವ ಅಡುಗೆಗೆ ಇದೇ ಸಲೀಸು, ಒಣ ಅಡುಗೆಗೆ ಕಷ್ಟ. ಇಷ್ಟು ಚಿಕ್ಕ ಪಾಲಿನ ನೀರು ಕಣ್ಣು ಮಿಟುಕಿಸುವುದರಲ್ಲಿ ಇಂಗಿ ತಳ ಹತ್ತುತ್ತದೆ.

ಓವನ್, ಏರ್ ಫ್ರೈಯರ್ ಎರಡೂ ಒಣ ಬಿಸಿ ಗಾಳಿಯಿಂದ ಹೊರಮೈಯನ್ನು ಗರಿಗರಿ ಮಾಡುವ ಯಂತ್ರಗಳು. ನಮಗೆ ಬೇಡದ್ದೇ ಅದು.

ಪದಾರ್ಥದಿಂದ ಪದಾರ್ಥಕ್ಕೆ ಲೆಕ್ಕ ಬದಲಾಗುತ್ತದೆ. ಕೋಳಿಯ ಎದೆಮಾಂಸಕ್ಕಿಂತ ತೊಡೆಮಾಂಸ ಎಷ್ಟೋ ವಾಸಿ, ಕೊಬ್ಬೂ ಜಿಲಾಟಿನ್ನೂ ಜಾಸ್ತಿ ಇರುವುದರಿಂದ ಎರಡನೇ ಬಿಸಿಯನ್ನು ತಡೆದುಕೊಳ್ಳುತ್ತದೆ. ಮೀನು ಹಬೆಯಲ್ಲಿ 4ರಿಂದ 5 ನಿಮಿಷ. ಬೇಯಿಸಿದ ಇಡೀ ಮೊಟ್ಟೆ ಮೈಕ್ರೋವೇವ್‌ಗೆ ಖಂಡಿತ ಬೇಡ, ಸಿಡಿಯುತ್ತದೆ; ಕಲಸಿ ಹುರಿದ ಮೊಟ್ಟೆ ಹೇಗೆ ಬಿಸಿ ಮಾಡಿದರೂ ರಬ್ಬರಿನಂತಾಗುವುದೇ ಹೆಚ್ಚು, ಹೊಸದಾಗಿ ಮಾಡಿಕೊಳ್ಳುವುದೇ ಮೇಲು. ಬೇಳೆಕಾಳು ಯಾವ ವಿಧಾನಕ್ಕೂ ಒಗ್ಗುತ್ತದೆ, ಫ್ರಿಜ್‌ನಲ್ಲಿ ಗಟ್ಟಿಯಾಗಿರುವುದಕ್ಕೆ ನೀರು ಬೆರೆಸಿದರೆ ಸಾಕು. ಅನ್ನ ಅಂಟಂಟಾಗಿ ಮುದ್ದೆ ಕಟ್ಟುವುದರಿಂದ ಮೊದಲ ತಿಂಗಳುಗಳಲ್ಲಿ ದೂರವಿಟ್ಟರೆ ಒಳ್ಳೆಯದು. ಮೆತ್ತನೆಯ ಆಹಾರದ ಹಂತ ಇನ್ನೂ ಬರದಿದ್ದವರಿಗೆ ಇದ್ಯಾವುದೂ ಅಲ್ಲ, ಡಯಟೀಷಿಯನ್ ಕೊಟ್ಟ ಪಟ್ಟಿಯೇ ಅಂತಿಮ.

ವಾಸನೆಯ ವಿಷಯ ಒಂದಿದೆ. ಬೆಂದ ಮಾಂಸದ ಕೊಬ್ಬು ಫ್ರಿಜ್‌ನಲ್ಲಿದ್ದಾಗಲೂ ಗಾಳಿ ತಗುಲಿ ಉತ್ಕರ್ಷಣಗೊಳ್ಳುತ್ತದೆ, ಬಿಸಿ ಮಾಡಿದಾಗ ಹಳಸಲು ಹಳಸಲಾದ ಒಂದು ವಾಸನೆ ಬರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಹಲವರ ಮೂಗು ಚುರುಕಾಗಿರುವುದರಿಂದ ಅದೇ ಓಕರಿಕೆ ತರಿಸುತ್ತದೆ. ಮಾಂಸ ಮುಳುಗುವಷ್ಟು ಗ್ರೇವಿ ಹಾಕಿ ಮುಚ್ಚಿಟ್ಟರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಅಡುಗೆಯಾಗಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು, ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬಾರದು, ನಡುಭಾಗ 74 ಡಿಗ್ರಿ ಮುಟ್ಟಬೇಕು. ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರ ಹೊಟ್ಟೆಗೆ ರೋಗಾಣು ಕೊಲ್ಲುವ ಶಕ್ತಿ ಕಡಿಮೆ, ಅವರಿಗೆ ಇಲ್ಲಿ ರಿಯಾಯಿತಿ ಇಲ್ಲ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಾಂತಿ ತರುವ ವಿಷ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ತುತ್ತು ಸಿಕ್ಕಿಕೊಂಡು, ಗಂಟೆಗಳು ಕಳೆದರೂ ಎಂಜಲು ಕೂಡ ಇಳಿಯದಿದ್ದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ.

ಮನೆಯಲ್ಲೇ ಉಣ್ಣುವವರು ಹೊಸದೇನನ್ನೂ ಕೊಳ್ಳಬೇಕಿಲ್ಲ, ಇರುವ ಪಾತ್ರೆ, ಮುಚ್ಚಳ, ಸ್ಟ್ಯಾಂಡ್ ಸಾಕು. ಖರ್ಚು ಮಾಡಲೇಬೇಕೆಂದಿದ್ದರೆ ಏರ್ ಫ್ರೈಯರ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಅಡುಗೆಯ ಥರ್ಮಾಮೀಟರ್ ಒಂದು, ಅಗಲ ಬಾಯಿಯ ಚಿಕ್ಕ ಫ್ಲಾಸ್ಕ್ ಒಂದು ತನ್ನಿ. ಆಫೀಸಿನಲ್ಲಿ ಮೈಕ್ರೋವೇವ್ ಬಿಟ್ಟು ಬೇರೆ ಗತಿಯಿಲ್ಲದವರಿಗೆ ಆ ಫ್ಲಾಸ್ಕ್ ಎರಡು ರೀತಿ ಒದಗುತ್ತದೆ. ಗ್ರೇವಿ ಅಡುಗೆಯಾದರೆ ಬೆಳಗ್ಗೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಕುದಿ ಬಂದ ಊಟವನ್ನು ತಕ್ಷಣ ಅಂಚಿನವರೆಗೂ ತುಂಬಿ ಬಿಗಿಯಾಗಿ ಮುಚ್ಚಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ, ಹಾಗಾಗಿ ಇದ್ದುದರಲ್ಲಿ ಚಿಕ್ಕ ಅಳತೆಯದನ್ನೇ ಆರಿಸಿ. ಒಣ ಅಡುಗೆಯಾದರೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ, ಅರ್ಧ ಪಾಲು ಬಟ್ಟಲಿಗೆ, ಇನ್ನರ್ಧ ಬಿಸಿ ನೀರಿನಲ್ಲಿ ಕಾಯಿಸಿಟ್ಟ ಫ್ಲಾಸ್ಕ್‌ಗೆ.